ಅಗ್ಗದ ಇನ್ಶೂರೆನ್ಸು ಯಾರಿಗೆ ಅಗ್ಗ ಸ್ವಾಮೀ?

"ಗುರು, ಕಾರ್ ಇನ್ಶೂರೆನ್ಸ್ ರಿನ್ಯೂವಲ್ ಬಂತು. ಎಲ್ಲಿ ಕಮ್ಮಿಗೆ ಸಿಗುತ್ತೆ?"

ಆಫೀಸಿನಲ್ಲಿ ತಿಂಗಳಿಗೆ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಊರಿನ ಕಡೆ ಮದುವೆಗೆ ಹೋದರೆ ಅಲ್ಲೂ ಇದೇ. ಕಂಪ್ಯೂಟರ್ ಓದಿದವನು, ಇಂಟರ್‌ನೆಟ್ಟಿನಲ್ಲಿ ಎಲ್ಲಿ ಅಗ್ಗ ಅಂತ ಇವನಿಗೆ ಗೊತ್ತಿರುತ್ತೆ ಅನ್ನೋ ನಂಬಿಕೆ. "ಎಲ್ಲಿ ಕಮ್ಮಿ" ಅಂತ ಕೇಳಿದವರು ಲೆಕ್ಕಕ್ಕೆ ಸಿಗದಷ್ಟು ಜನ. "ಅದರಲ್ಲಿ ಏನೇನಿದೆ" ಅಂತ ಕೇಳಿದ ಒಬ್ಬ ಪುಣ್ಯಾತ್ಮನೂ ಇವತ್ತಿನವರೆಗೆ ಸಿಕ್ಕಿಲ್ಲ.

ಹದಿನೈದು ಸಾವಿರದ ಮೊಬೈಲು ತಗೊಳ್ಳೋಕೆ ಹದಿನೈದು ದಿನ ರಿವ್ಯೂ ಓದೋ ಜನ ನಾವು. ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು, ಬಿಸಿ ಆಗುತ್ತಾ, ಎಲ್ಲಾ ಬೇಕು. ಎಂಟು ಹತ್ತು ಲಕ್ಷದ ಕಾರು, ಅದರ ಚಕ್ರಕ್ಕೆ ಸಿಗಬಹುದಾದ ಯಾರದೋ ಜೀವ, ಒಳಗೆ ಕೂತ ನಮ್ಮದೇ ಜೀವ, ಇಷ್ಟನ್ನೂ ಸೇರಿಸಿ ಬರೆದ ಕರಾರನ್ನು ಮಾತ್ರ ಒಂದೇ ಒಂದು ಸಂಖ್ಯೆ ನೋಡಿ ಕೊಂಡುಬಿಡುತ್ತೇವೆ. ಪಿಡಿಎಫ್ ಬರುತ್ತದೆ, ಮೇಲ್‌ನಲ್ಲೇ ಕೊಳೆಯುತ್ತದೆ. ಪೊಲೀಸರು ಹಿಡಿದಾಗ ಹುಡುಕಿದರಾಯಿತು!

ನನ್ನ ವಾದ ಇಷ್ಟೇ. ಕಾರ್ ಇನ್ಶೂರೆನ್ಸಿನಲ್ಲಿ "ಕಮ್ಮಿ" ಅನ್ನೋದು ಆಕಾಶದಿಂದ ಉದುರುವುದಿಲ್ಲ. ಒಂದೋ ಮಾರುವವನು ತನ್ನ ಕಮಿಷನ್ ಬಿಟ್ಟಿರಬೇಕು, ಇಲ್ಲಾ ಪಾಲಿಸಿಯ ಯಾವುದೋ ಸಾಲನ್ನು ಕಿತ್ತಿರಬೇಕು. ಎಲ್ಲಿಂದ ಕಿತ್ತೆ ಅಂತ ಹೇಳದೆ ಕಮ್ಮಿ ಬೆಲೆ ತೋರಿಸುವವನು ಶೋರೂಮಿನವನಾಗಲಿ, ಏಜೆಂಟನಾಗಲಿ, ವೆಬ್‌ಸೈಟಾಗಲಿ, ನಮಗೆ ಟೋಪಿ ಹಾಕುತ್ತಿದ್ದಾನೆ. ಕೇಳದೇ ಕೊಳ್ಳುವ ನಾವು ತಲೆ ಬಗ್ಗಿಸಿ ಹಾಕಿಸಿಕೊಳ್ಳುತ್ತಿದ್ದೇವೆ.

ಹೇಗೆ ಅಂತ ಒಂದೊಂದಾಗಿ ಬಿಡಿಸಿ ಹೇಳ್ತೀನಿ. ಸ್ವಲ್ಪ ಲೆಕ್ಕ ಬರುತ್ತೆ, ಸಹಿಸಿಕೊಳ್ಳಿ :)

ಯಾರೂ ಕಮ್ಮಿ ಮಾಡಲಾಗದ ಭಾಗ

ಕಾರಿನ ಪಾಲಿಸಿ ಅಂದರೆ ಎರಡು ಪಾಲಿಸಿಗಳನ್ನು ಹೊಲಿದು ಒಂದು ಮಾಡಿದ್ದು. ಒಂದು ಥರ್ಡ್ ಪಾರ್ಟಿ, ಇನ್ನೊಂದು ಓನ್ ಡ್ಯಾಮೇಜ್.

ಥರ್ಡ್ ಪಾರ್ಟಿ ಅನ್ನೋದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ ಇದು. ನಿಮ್ಮ ಕಾರು ನಜ್ಜುಗುಜ್ಜಾದರೂ ಇದರಿಂದ ಒಂದು ಪೈಸೆ ಹುಟ್ಟುವುದಿಲ್ಲ. ಇದರ ದರ ನಿಗದಿ ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416, ಅದಕ್ಕೂ ದೊಡ್ಡದಕ್ಕೆ 7,897. ಇದರ ಮೇಲೆ ಜಿಎಸ್‌ಟಿ. ಪಟ್ಟಿ ಬದಲಾದರೆ ಎಲ್ಲರಿಗೂ ಒಟ್ಟಿಗೇ ಬದಲಾಗುತ್ತದೆ. ಸರ್ಕಾರಿ ಕಂಪನಿ, ಖಾಸಗಿ ಕಂಪನಿ, ಆ್ಯಪ್ ಕಂಪನಿ, ಎಲ್ಲರದ್ದೂ ಒಂದೇ ರೇಟು. ಹಾಲಿನ ಡೈರಿ ರೇಟಿನ ಹಾಗೆ.

ಹಾಗಾಗಿ "ನಮ್ಮಲ್ಲಿ ಥರ್ಡ್ ಪಾರ್ಟಿ ಕಮ್ಮಿ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅವರ ಮಿಕ್ಕ ಮಾತೂ ಅದೇ ಜಾತಿಯದು.

ಇನ್ನು ಇದನ್ನೂ ಉಳಿಸೋಣ ಅಂತ ಏನೂ ಮಾಡಿಸದೇ ಓಡಿಸುವವರಿದ್ದಾರಲ್ಲ, ಅವರ ಬಗ್ಗೆ ಒಂದು ಮಾತು. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಎರಡು ಸಾವಿರ ದಂಡ. ಬಹಳ ಜನಕ್ಕೆ ಇಷ್ಟೇ ಗೊತ್ತು, "ಹೋದ್ರೆ ಎರಡು ಸಾವಿರ ತಾನೇ" ಅಂತಾರೆ. ಸ್ವಾಮೀ, ದಂಡ ಬಿಡಿ. ಯಾರಾದರೂ ಸತ್ತರೆ ಅಥವಾ ಕೈಕಾಲು ಹೋದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಎಷ್ಟು ಪರಿಹಾರ ಬರೆಯುತ್ತದೋ ಅಷ್ಟನ್ನೂ ನೀವು ಕೈಯಿಂದ ಕಟ್ಟಬೇಕು. ಸತ್ತವನ ವಯಸ್ಸು, ಸಂಬಳ ನೋಡಿ ಬರೆಯುತ್ತಾರೆ. ಮೂವತ್ತು ವರ್ಷದ, ನಮ್ಮ ಹಾಗೆ ಸಂಬಳ ತಗೊಳ್ಳುವ ಒಬ್ಬನ ಸಾವಿಗೆ ಎಷ್ಟು ಲಕ್ಷ ಆಗಬಹುದು ಅಂತ ನೀವೇ ಲೆಕ್ಕ ಹಾಕಿ. ಕಟ್ಟಲು ಆಗಲಿಲ್ಲ ಅಂದರೆ ಬೀದಿಗೆ ಬೀಳುವುದು ಎರಡು ಸಂಸಾರ, ನಿಮ್ಮದು ಮತ್ತು ಅವನದು. ನಮ್ಮ ದೇಶದ ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಾಹನಗಳಿಗೆ ವಿಮೆಯೇ ಇಲ್ಲ ಅಂತ 2024ರಲ್ಲಿ ಸಂಸದೀಯ ಸಮಿತಿಯೇ ಹೇಳಿದೆ. ನಾಳೆ ನಿಮಗೇ ಯಾರಾದರೂ ಗುದ್ದಿದರೆ ಅವನು ಆ ಅರ್ಧದಲ್ಲಿ ಇರಬಹುದು. ಅದನ್ನು ನೆನೆಸಿಕೊಂಡೇ ರಸ್ತೆ ದಾಟಬೇಕಾಗಿದೆ.

ಕತ್ತರಿ ಆಡುವುದು ಎಲ್ಲಿ?

ಓನ್ ಡ್ಯಾಮೇಜ್ ಭಾಗದಲ್ಲಿ. 2007ರ ಜನವರಿಯಿಂದ ಈ ಭಾಗದ ದರವನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟಿದ್ದಾರೆ. ಪೈಪೋಟಿ ಬಂದರೆ ಗ್ರಾಹಕನಿಗೆ ಲಾಭ ಅನ್ನೋದು ಪಾಠ. ಲಾಭ ಇದೆ, ಇಲ್ಲ ಅನ್ನಲ್ಲ. ಆದರೆ ಪೈಪೋಟಿ ಎಲ್ಲಾ ಸ್ಕ್ರೀನಿನ ಮೇಲೆ ಕಾಣುವ ಆ ಒಂದು ಸಂಖ್ಯೆಯದು. ಒಳಗಿನ ಸರಕಿನ ಪೈಪೋಟಿ ಯಾರಿಗೂ ಬೇಕಾಗಿಲ್ಲ.

ಮೊದಲ ಕತ್ತರಿ ಐಡಿವಿಗೆ. ಕಾರು ಕಳುವಾದರೆ ಅಥವಾ ರಿಪೇರಿಗೂ ಬಾರದಂತೆ ಆದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಇದು. ರಿಪೇರಿ ಖರ್ಚು ಐಡಿವಿಯ ಶೇಕಡಾ 75 ದಾಟಿದರೂ "ಟೋಟಲ್ ಲಾಸ್" ಅಂತಲೇ ಲೆಕ್ಕ. ಕಾರಿನ ಕಂಪನಿಯ ಪಟ್ಟಿ ಬೆಲೆಯಿಂದ ಸವಕಳಿ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ಒಂದರಿಂದ ಎರಡು ವರ್ಷದ ಕಾರಿಗೆ ಶೇಕಡಾ 20, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಐದು ದಾಟಿದ ಮೇಲೆ ನೀವೂ ಕಂಪನಿಯೂ ಮಾತಾಡಿಕೊಂಡಿದ್ದು.

ಎಂಟು ಲಕ್ಷದ, ಎರಡು ವರ್ಷ ತುಂಬಿದ ಕಾರು ಅಂದುಕೊಳ್ಳಿ. ಐಡಿವಿ 5,60,000 ಇರಬೇಕು. ರಿನ್ಯೂವಲ್ ಮಾಡುವಾಗ ಸ್ಕ್ರೀನಿನಲ್ಲಿ 4,80,000 ಅಂತ ಮೊದಲೇ ತುಂಬಿಸಿ ಇಟ್ಟಿರುತ್ತಾರೆ. ಏನಾಯ್ತು? ಓನ್ ಡ್ಯಾಮೇಜ್ ದರ ಶೇಕಡಾ 2 ಅಂತ ಇಟ್ಟುಕೊಂಡರೆ ಪ್ರೀಮಿಯಂ 1,600 ರೂಪಾಯಿ ಇಳಿಯಿತು. ಎರಡು ವರ್ಷದ ನೋ ಕ್ಲೇಮ್ ಬೋನಸ್ ಶೇಕಡಾ 25 ತೆಗೆದರೆ ಉಳಿತಾಯ ಬರೀ 1,200. ಕಾರು ಕಳುವಾದ ದಿನ ನಷ್ಟ 80,000. ಈ ವ್ಯಾಪಾರಕ್ಕೆ "ಬೆಸ್ಟ್ ಪ್ರೈಸ್" ಅಂತ ಹಸಿರು ಬಣ್ಣದ ಚೀಟಿ ಅಂಟಿಸಿರುತ್ತಾರೆ!

ಐಡಿವಿ ಸಿಕ್ಕಾಪಟ್ಟೆ ಏರಿಸಿಕೊಳ್ಳಿ ಅಂತಲೂ ನಾನು ಹೇಳ್ತಿಲ್ಲ. ಲೆಕ್ಕಕ್ಕೆ ಬರಬೇಕಾದ್ದು ಬಂದಿದೆಯಾ ನೋಡಿ, ಅಷ್ಟೇ. ಬೇರೆ ಬೇರೆ ಕಂಪನಿಗಳ ಬೆಲೆ ಹೋಲಿಸುವ ಮುಂಚೆ ಎಲ್ಲದರಲ್ಲೂ ಐಡಿವಿ ಒಂದೇ ಮಾಡಿಕೊಳ್ಳಿ. ಒಂದರ ಐಡಿವಿ 5.6 ಲಕ್ಷ, ಇನ್ನೊಂದರದ್ದು 4.8 ಲಕ್ಷ ಇಟ್ಟು ಬೆಲೆ ಹೋಲಿಸುವುದು ಕಿಲೋ ಅಕ್ಕಿಯನ್ನೂ ಮುಕ್ಕಾಲು ಕಿಲೋ ಅಕ್ಕಿಯನ್ನೂ ಹೋಲಿಸಿದ ಹಾಗೆ.

ಎರಡನೇ ಕತ್ತರಿ ಬಿಡಿಭಾಗಗಳ ಸವಕಳಿಗೆ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ ಇವಕ್ಕೆ ಕಾರು ಎಷ್ಟೇ ಹೊಸದಾಗಿರಲಿ ಶೇಕಡಾ 50 ಕಡಿತ. ಫೈಬರ್ ಗ್ಲಾಸಿಗೆ 30. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಪ್ರಕಾರ. ಇದಲ್ಲದೆ ಪ್ರತಿ ಕ್ಲೇಮಿಗೂ 1500 ಸಿಸಿವರೆಗಿನ ಕಾರಿಗೆ ಸಾವಿರ, ಅದಕ್ಕೂ ದೊಡ್ಡದಕ್ಕೆ ಎರಡು ಸಾವಿರ ಕೈಯಿಂದ ಕೊಡಬೇಕು. ಇವತ್ತಿನ ಕಾರು ಮುಂದೆ ಹಿಂದೆ ಎಲ್ಲಾ ಪ್ಲಾಸ್ಟಿಕ್ಕೇ. ಹನ್ನೆರಡು ಸಾವಿರದ ಬಂಪರ್ ಒಡೆದರೆ ಆರು ಸಾವಿರ ಸವಕಳಿಗೆ ಹೋಯ್ತು, ಸಾವಿರ ಕಡ್ಡಾಯ ಕಡಿತಕ್ಕೆ ಹೋಯ್ತು, ಕೈಗೆ ಬಂದಿದ್ದು ಐದು. ಈ ಸವಕಳಿ ಬೇಡ ಅಂದರೆ ಝೀರೋ ಡೆಪ್ ಅನ್ನೋ ಆಡ್-ಆನ್ ಇದೆ. "ಫುಲ್ ಇನ್ಶೂರೆನ್ಸ್ ಇದೆ ಸಾರ್" ಅಂತ ಹೇಳಿ ಮಾರಿದ ಅಗ್ಗದ ಪಾಲಿಸಿಯಲ್ಲಿ ಅದು ಇರುವುದಿಲ್ಲ. ಗ್ಯಾರೇಜಿನಲ್ಲಿ ಬಿಲ್ಲು ಕೈಗೆ ಬಂದಾಗಲೇ "ಫುಲ್" ಅಂದರೆ ಎಷ್ಟು ಅಂತ ಗೊತ್ತಾಗುವುದು.

ಮೂರನೆಯದು ಎಂಜಿನ್. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮಳೆ ಬಂತಲ್ಲ, ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ ಎಲ್ಲಾ ಕೆರೆಯಾಗಿ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರಲ್ಲ, ಆಗ ನನ್ನ ಟೀಮಿನ ಒಬ್ಬರ ಕಾರು ಬೇಸ್‌ಮೆಂಟಿನಲ್ಲಿ ಮುಳುಗಿತ್ತು. ನೀರು ಇಳಿದ ಮೇಲೆ ಸ್ಟಾರ್ಟ್ ಮಾಡಿ ನೋಡಿದರು. ಯಾರಾದರೂ ಹಾಗೇ ಮಾಡ್ತಾರೆ. ನೀರು ಒಳಗಿದ್ದಾಗ ಸ್ಟಾರ್ಟ್ ಮಾಡಿದರೆ ಸಿಲಿಂಡರಿನಲ್ಲಿ ಪಿಸ್ಟನ್ನಿಗೆ ನೀರು ಅಡ್ಡ ಬರುತ್ತದೆ. ನೀರು ಗಾಳಿಯ ಹಾಗೆ ಕುಗ್ಗುವ ವಸ್ತುವಲ್ಲ, ಹಾಗಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರವಾಹ ಅನ್ನೋದು ಮಾಮೂಲಿ ಪಾಲಿಸಿಯಲ್ಲೇ ಇದೆ, ಸೀಟು, ವೈರಿಂಗ್ ಎಲ್ಲದಕ್ಕೂ ದುಡ್ಡು ಬಂತು. ಎಂಜಿನ್ನಿಗೆ ಬರಲಿಲ್ಲ. "ಇದು ಪ್ರವಾಹದಿಂದ ನೇರ ಆದದ್ದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು" ಅಂತ ಬರೆದು ಕೊಟ್ಟರು. ಇದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಅನ್ನೋ ಆಡ್-ಆನ್ ಇದೆ. ಬೆಲೆ ಇಳಿಸುವಾಗ ಮೊದಲು ಹಾರಿಹೋಗುವುದೂ ಅದೇ. ಇರಲಿ, ಆಡ್-ಆನ್ ಇರಲಿ ಬಿಡಲಿ, ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

ಮುನ್ನೂರೈವತ್ತು ರೂಪಾಯಿ ಉಳಿತಾಯ

ನಾಲ್ಕನೇ ಕತ್ತರಿಯ ವಿಷಯ ಬರೆಯುವಾಗ ನನಗೆ ನಗು ಬರುವುದಿಲ್ಲ.

ಪಾಲಿಸಿಯಲ್ಲಿ "ಓನರ್ ಡ್ರೈವರ್ ಪರ್ಸನಲ್ ಆಕ್ಸಿಡೆಂಟ್" ಅಂತ ಒಂದು ಸಾಲಿದೆ. ಕಾರಿನ ಮಾಲೀಕನೇ ಓಡಿಸುವಾಗ ಅಪಘಾತದಲ್ಲಿ ಸತ್ತರೆ ಮನೆಯವರಿಗೆ 15 ಲಕ್ಷ. 2018ರವರೆಗೆ ಕಾರಿಗೆ ಬರೀ ಎರಡು ಲಕ್ಷ ಇತ್ತು, ಕೋರ್ಟಿನಿಂದಾಗಿ 15 ಲಕ್ಷಕ್ಕೆ ಏರಿತು. 2019ರ ಜನವರಿಯಿಂದ ಒಂದು ವಿನಾಯಿತಿ ಬಂತು. ನಿಮಗೆ ಬೇರೆ ಕಡೆ ಅಷ್ಟೇ ಮೊತ್ತದ ಅಪಘಾತ ವಿಮೆ ಇದ್ದರೆ, ಅಥವಾ ನಿಮ್ಮ ಇನ್ನೊಂದು ಗಾಡಿಯಲ್ಲಿ ಇದನ್ನು ತಗೊಂಡಿದ್ದರೆ, ಮತ್ತೆ ಕೊಳ್ಳಬೇಕಿಲ್ಲ. ಒಳ್ಳೆಯ ನಿಯಮ. ಆದರೆ ಮಾರುವವರ ಕೈಗೆ ಅದು ಸಿಕ್ಕಿದ್ದು ಒಂದು ಟಿಕ್ ಗುರುತಿನ ರೂಪದಲ್ಲಿ. "ನನಗೆ ಈಗಾಗಲೇ ಇದೆ" ಅಂತ ಒಂದು ಚೌಕದಲ್ಲಿ ಗೀಟು ಎಳೆದರೆ ಮುನ್ನೂರು ನಾನ್ನೂರು ರೂಪಾಯಿ ಕಮ್ಮಿ ತೋರಿಸಬಹುದು!

ನಮ್ಮ ಚಿಕ್ಕಪ್ಪ ಕಡೂರಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಹಳೇ ಸಣ್ಣ ಕಾರು. 2021ರಲ್ಲಿ ರಿನ್ಯೂವಲ್ ಮಾಡಿಸಿಕೊಟ್ಟವನು "ಅಣ್ಣ, ಹೋದ್ಸಲಕ್ಕಿಂತ ಮುನ್ನೂರೈವತ್ತು ಕಮ್ಮಿಗೆ ಮಾಡಿಸಿದೀನಿ, ಒಂದು ಓಟಿಪಿ ಬರುತ್ತೆ ಹೇಳಿ" ಅಂದ. ಹೇಳಿದರು. ಮುಂದಿನ ವರ್ಷ ಯುಗಾದಿ ಮುಂಚೆ, ಪಾಲಿಸಿ ಇನ್ನೂ ನಡೆಯುತ್ತಿರುವಾಗಲೇ, ತೋಟದಿಂದ ಬರುವಾಗ ಕಾರು ಮರಕ್ಕೆ ಹೊಡೆದು ಚಿಕ್ಕಪ್ಪ ಹೋಗಿಬಿಟ್ಟರು. ಎದುರಿಗೆ ಇನ್ನೊಂದು ಗಾಡಿ ಇಲ್ಲ, ಹಾಗಾಗಿ ಯಾರ ಥರ್ಡ್ ಪಾರ್ಟಿಯಿಂದಲೂ ಏನೂ ಇಲ್ಲ. ಹದಿಮೂರನೇ ದಿನ ಕಳೆದ ಮೇಲೆ ಚಿಕ್ಕಮ್ಮ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದಿಟ್ಟರು. "ಇದ್ರಲ್ಲಿ ಏನಾರ ಬರುತ್ತೇನೋ ನೋಡಪ್ಪಾ, ನನಗೆ ಇಂಗ್ಲಿಷ್ ಬರಲ್ಲ."

ನೋಡಿದೆ. ಪ್ರೀಮಿಯಂ ಕೋಷ್ಟಕದಲ್ಲಿ ಆ ಸಾಲಿನ ಎದುರು ಸೊನ್ನೆ. ಕೆಳಗೆ ಸಣ್ಣ ಅಕ್ಷರದಲ್ಲಿ, ವಿಮೆದಾರರು ತಮಗೆ ಬೇರೆ ಅಪಘಾತ ವಿಮೆ ಇದೆ ಎಂದು ಘೋಷಿಸಿದ್ದಾರೆ ಅಂತ. ಅಂಥದ್ದೊಂದು ಇದೆ ಅನ್ನೋದೇ ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಆ ಘೋಷಣೆಗೆ ಒಪ್ಪಿಗೆ ಅಂತ ದಾಖಲಾಗಿದ್ದು ಅವರು ಹೇಳಿದ ಓಟಿಪಿ. ಕಂಪನಿಯಿಂದ ಬಂದ ಉತ್ತರವೂ ಅಷ್ಟೇ, ಘೋಷಣೆ ನಿಮ್ಮವರದ್ದೇ. ಚಿಕ್ಕಮ್ಮ ಈಗ ಅಂಗಡಿ ಬಾಡಿಗೆಗೆ ಕೊಟ್ಟು ಅದೇ ಬಾಡಿಗೆಯಲ್ಲಿ ಮಗಳನ್ನು ಓದಿಸುತ್ತಿದ್ದಾರೆ.

ಮಾಡಿಸಿಕೊಟ್ಟವನು ಕೆಟ್ಟ ಮನುಷ್ಯ ಅಂತ ನಾನು ಹೇಳಲಾರೆ. ಸಾವಿನ ಮನೆಗೆ ಬಂದು ಹೆಣಕ್ಕೆ ಹೆಗಲು ಕೊಟ್ಟಿದ್ದಾನೆ. ಅವನಿಗೆ ಗಿರಾಕಿಗೆ ಕಮ್ಮಿ ತೋರಿಸಬೇಕಿತ್ತು, ಗಿರಾಕಿಗೂ ಕಮ್ಮಿಯೇ ಬೇಕಿತ್ತು. ಈ ಇಡೀ ವ್ಯಾಪಾರ ನಿಂತಿರೋದೇ ಹೀಗೆ. ನನ್ನ ಸಿಟ್ಟು ಇರುವುದು ಅದರ ಮೇಲೆ.

ಇನ್ನು ಶೋರೂಮ್ ಮಹಾಶಯರು

ಅಲ್ಲಿ ಉಲ್ಟಾ ಕಥೆ. ಕಮ್ಮಿ ಮಾಡಿ ಟೋಪಿ ಹಾಕುವವರು ಒಂದು ಕಡೆಯಾದರೆ, ಏರಿಸಿ ಹಾಕುವವರು ಇವರು. ಹೊಸ ಕಾರಿನ ಖುಷಿಯಲ್ಲಿ ಇರುವವನಿಗೆ ಆನ್‌ರೋಡ್ ಬೆಲೆಯೊಳಗೆ ಇನ್ಶೂರೆನ್ಸ್ ಸೇರಿಸಿ ಕೊಟ್ಟರೆ ಯಾರು ಬಿಡಿಸಿ ನೋಡ್ತಾರೆ? 2018ರ ಸೆಪ್ಟೆಂಬರಿನಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕು. 2022ರ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಕಾರಿಗೆ ಅದು 10,640. ಅಷ್ಟು ಬಿಟ್ಟರೆ ಮಿಕ್ಕದ್ದೆಲ್ಲಾ ಚೌಕಾಸಿ ಮಾಡಬಹುದಾದದ್ದೇ.

ನಾನು ಕಾರು ತಗೊಂಡಾಗ ಶೋರೂಮಿನವರು ಹೇಳಿದ್ದು 52,000. ಅದೇ ಐಡಿವಿ, ಅದೇ ಆಡ್-ಆನ್ ಇಟ್ಟು ಹೊರಗೆ ತೆಗೆಸಿದ ಕೊಟೇಶನ್ 37,000. "ಹೊರಗೆ ಮಾಡ್ಸಿದ್ರೆ ನಮ್ಮ ಸರ್ವಿಸ್ ಸೆಂಟರಲ್ಲಿ ಕ್ಯಾಶ್‌ಲೆಸ್ ಆಗಲ್ಲ ಸಾರ್" ಅಂದ ಆ ಹುಡುಗ. ಕ್ಯಾಶ್‌ಲೆಸ್ ಆಗುವುದು ಬಿಡುವುದು ಆ ಗ್ಯಾರೇಜಿಗೂ ಆ ವಿಮೆ ಕಂಪನಿಗೂ ಒಪ್ಪಂದ ಇದೆಯಾ ಅನ್ನೋದರ ಮೇಲೆ. ಪಾಲಿಸಿಯನ್ನು ಯಾರ ಕೈಯಿಂದ ಕೊಂಡೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಪಟ್ಟಿ ಕಂಪನಿಯ ವೆಬ್‌ಸೈಟಿನಲ್ಲೇ ಇತ್ತು, ತೋರಿಸಿದೆ. "ಮ್ಯಾನೇಜರ್ ಹತ್ರ ಮಾತಾಡ್ತೀನಿ" ಅಂತ ಒಳಗೆ ಹೋದವನು ಹತ್ತು ನಿಮಿಷದಲ್ಲಿ 39,000 ಅಂತ ಬರೆದುಕೊಂಡು ಬಂದ. ಹತ್ತು ನಿಮಿಷದ ಹಿಂದೆ ಆ ಹದಿಮೂರು ಸಾವಿರ ಯಾವ ಅಪಾಯದ ವಿಮೆ ಆಗಿತ್ತು ಅಂತ ಕೇಳಿದೆ. ನಕ್ಕ. ಪಾಪ, ಅವನೇನು ಹೇಳ್ತಾನೆ.

ಡೀಲರುಗಳು ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ನಿಯಮ ಮಾಡಿದೆ. ನಮ್ಮಲ್ಲೇ ತಗೊಳ್ಳಿ ಅಂತ ಬಲವಂತ ಮಾಡುವಂತಿಲ್ಲ. ಆದರೆ ಕಮಿಷನ್ ಮೇಲೆ ಮೊದಲಿದ್ದ ನೇರ ಮಿತಿಯನ್ನು 2023ರಲ್ಲಿ ತೆಗೆದು, ಕಂಪನಿಯ ಒಟ್ಟು ನಿರ್ವಹಣಾ ವೆಚ್ಚಕ್ಕೆ ಮಾತ್ರ ಮಿತಿ ಇಟ್ಟಿದ್ದಾರೆ. ನಾನು ಕಟ್ಟುವ ನೂರು ರೂಪಾಯಿಯಲ್ಲಿ ನನ್ನ ಅಪಾಯಕ್ಕೆ ಎಷ್ಟು, ಮಾರಿದವನ ಜೇಬಿಗೆ ಎಷ್ಟು ಅಂತ ನನ್ನ ಪಾಲಿಸಿಯ ಮೇಲೆ ಯಾಕೆ ಅಚ್ಚು ಹಾಕುವುದಿಲ್ಲ? ಬಿಸ್ಕತ್ ಪೊಟ್ಟಣದ ಮೇಲೆ ಎಷ್ಟು ಸಕ್ಕರೆ ಅಂತ ಬರೆಸುವ ದೇಶದಲ್ಲಿ ಇದು ಅತಿಯಾಸೆಯಾ?

ಸರ್ಕಾರಕ್ಕೆ ಎರಡು ಪ್ರಶ್ನೆ

ಒಂದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದರು. ಸಂತೋಷ. ಅವೆರಡೂ ನಾನು ಇಷ್ಟಪಟ್ಟರೆ ಕೊಳ್ಳುವಂಥವು. ಕೊಳ್ಳದಿದ್ದರೆ ದಂಡ, ಜೈಲು ಅಂತ ಕಾನೂನು ಮಾಡಿ ಕೊಳ್ಳಿಸುವ ಕಾರಿನ ಥರ್ಡ್ ಪಾರ್ಟಿಗೆ ಮಾತ್ರ ಶೇಕಡಾ 18 ಹಾಗೇ ಉಳಿಸಿಕೊಂಡರು. 2,094ಕ್ಕೆ 377 ರೂಪಾಯಿ ತೆರಿಗೆ. ನನ್ನ ಕಾರಿನಿಂದ ಬೇರೆಯವನಿಗೆ ಏಟಾದರೆ ಅವನಿಗೆ ಪರಿಹಾರ ಸಿಗಲಿ ಅಂತ ನಾನು ಕಟ್ಟುವ ದುಡ್ಡದು. ಅದರಲ್ಲೂ ಪಾಲು ಬೇಕಾ?

ಎರಡು. ಕಾನೂನು ಕಡ್ಡಾಯ ಮಾಡಿದ ಕರಾರು ನನ್ನ ಭಾಷೆಯಲ್ಲಿ ಯಾಕಿಲ್ಲ? ಪಾಲಿಸಿ ಕನ್ನಡದಲ್ಲಿ ಕೊಡಿ ಅಂತ ಕಾಲ್ ಸೆಂಟರಿಗೆ ಕೇಳಿದೆ. ಹಿಂದಿ ಅಥವಾ ಇಂಗ್ಲಿಷ್ ಆರಿಸಿಕೊಳ್ಳಿ ಅಂದರು. ಮಾರುವ ಜಾಹೀರಾತಿಗೆ ಕನ್ನಡ ಬರುತ್ತದೆ, ರಿನ್ಯೂವಲ್ ನೆನಪಿಸುವ ಮೆಸೇಜಿಗೂ ಕನ್ನಡ ಬರುತ್ತದೆ. ಏನು ಕೊಡುವುದಿಲ್ಲ ಅಂತ ಹೇಳುವ ಪುಟಕ್ಕೆ ಮಾತ್ರ ಬರುವುದಿಲ್ಲ! ಆ ಸೊನ್ನೆಯ ಸಾಲು ಕನ್ನಡದಲ್ಲಿ ಇದ್ದಿದ್ದರೆ ಚಿಕ್ಕಮ್ಮ ಓದುತ್ತಿದ್ದರು. ಅಂಗಡಿಯ ಲೆಕ್ಕ ಬರೆಯುತ್ತಿದ್ದವರು ಅವರು, ಒಂದು ಸೊನ್ನೆ ಎಲ್ಲಿ ಹೋಯ್ತು ಅಂತ ಕೇಳದೆ ಬಿಡುತ್ತಿರಲಿಲ್ಲ. ಇದನ್ನು ಬರೀ ಭಾಷಾಭಿಮಾನ ಅಂತ ಪಕ್ಕಕ್ಕೆ ತಳ್ಳಬೇಡಿ. ಓದಲಾಗದ ಕರಾರಿಗೆ ಓಟಿಪಿ ಕೊಡಿಸುವುದು ಒಪ್ಪಿಗೆ ಹೇಗಾಗುತ್ತೆ ಅನ್ನೋದು ನನ್ನ ಪ್ರಶ್ನೆ.

"ಕ್ಲೇಮ್ ಹೆಂಗಿದ್ರೂ ಕೊಡಲ್ಲ ಬಿಡು ಗುರು"

ಇಷ್ಟೆಲ್ಲಾ ಹೇಳಿದರೆ ಬರುವ ಉತ್ತರ ಇದು. ಕೊಡಲ್ಲ ಅಂದ ಮೇಲೆ ಕಮ್ಮಿದೇ ತಗೊಂಡ್ರಾಯ್ತು ಅನ್ನೋ ತರ್ಕ. ಈ ಸೋಮಾರಿ ಜಾಣತನವೇ ಅವರಿಗೆ ಬೇಕಾಗಿರೋದು. ನಾವು ಕೇಳುವುದಿಲ್ಲ ಅಂತ ಗೊತ್ತಿದ್ದರೆ ಅವರು ಯಾಕೆ ಕೊಡ್ತಾರೆ?

ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, ಅವನು 15 ದಿನದಲ್ಲಿ ವರದಿ ಕೊಡಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು ಅಂತ 2024ರಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿದೆ. ಆಗಲಿಲ್ಲವಾ? ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳು ಉತ್ತರ ಇಲ್ಲ ಅಥವಾ ಉತ್ತರ ಸರಿ ಇಲ್ಲ ಅಂದರೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಿ. ಬೆಂಗಳೂರಿನಲ್ಲೇ, ಜೆ.ಪಿ. ನಗರದಲ್ಲಿ ಕಚೇರಿ ಇದೆ. ಐವತ್ತು ಲಕ್ಷದವರೆಗಿನ ತಕರಾರು ನೋಡುತ್ತಾರೆ. ಫೀಸಿಲ್ಲ, ವಕೀಲರು ಬೇಡ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಅಷ್ಟೇ. ಎಂಜಿನ್ ಬಿಲ್ ಕಟ್ಟಿದ ನನ್ನ ಸಹೋದ್ಯೋಗಿಗೆ ಎಷ್ಟು ಸಲ ಹೇಳಿದರೂ "ಯಾರು ಅಲೆಯೋದು ಬಿಡೋ" ಅಂದರು. ವರ್ಷ ಕಳೆಯಿತು.

ಹಾಗಾದ್ರೆ ಉಳಿಸೋದೇ ಬೇಡ್ವಾ?

ಬೇಕು! ನಾನೂ ಮಧ್ಯಮ ವರ್ಗದವನೇ, ಹಣ ಮರದಲ್ಲಿ ಬೆಳೆಯಲ್ಲ. ಕಣ್ಣು ಬಿಟ್ಟುಕೊಂಡು ಉಳಿಸುವ ದಾರಿಗಳಿವೆ.

1. ನೋ ಕ್ಲೇಮ್ ಬೋನಸ್ ಕಾಪಾಡಿಕೊಳ್ಳಿ. ಕ್ಲೇಮ್ ಇಲ್ಲದ ಒಂದೊಂದು ವರ್ಷಕ್ಕೆ ಶೇಕಡಾ 20, 25, 35, 45, 50 ಅಂತ ಏರುತ್ತದೆ. ಇದು ಸಿಗುವುದು ಓನ್ ಡ್ಯಾಮೇಜ್ ಭಾಗದ ಮೇಲೆ ಮಾತ್ರ. ಒಂದು ಕ್ಲೇಮ್ ಮಾಡಿದರೆ ಸೊನ್ನೆ. ನಿಮ್ಮ ಓನ್ ಡ್ಯಾಮೇಜ್ ಮೂಲ ದರ ಹತ್ತು ಸಾವಿರ, ಬೋನಸ್ 50 ಇದ್ದು ಕ್ಲೇಮ್ ಮಾಡಿದಿರಿ ಅನ್ನಿ. ಮುಂದಿನ ವರ್ಷ 5,000 ಹೋಯ್ತು, ಅದರ ಮುಂದೆ 3,000, ಆಮೇಲೆ 2,500, 1,500, 500. ಮೂಲ ದರ ಹಾಗೇ ಇದ್ದರೆ ಒಟ್ಟು 12,500. ಐದು ಸಾವಿರದ ಬಂಪರಿಗೆ ಕ್ಲೇಮ್ ಮಾಡುವ ಮುಂಚೆ ಈ ಲೆಕ್ಕ ಹಾಕಿ. "ಬರುತ್ತೆ ಸಾರ್, ಮಾಡ್ಸಿ" ಅನ್ನೋ ಗ್ಯಾರೇಜಿನವರಿಗೆ ಇದರ ಚಿಂತೆ ಇರುವುದಿಲ್ಲ.

2. ಆ ಬೋನಸ್ ನಿಮ್ಮದು, ಕಾರಿನದ್ದಲ್ಲ. ಹಳೇ ಕಾರು ಮಾರುವಾಗ ಕಂಪನಿಯಿಂದ ಅದರ ಪತ್ರ ತಗೊಳ್ಳಿ. ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಶೋರೂಮಿನವರು ಇದನ್ನು ತಾವಾಗಿ ಹೇಳುವುದು ಅಪರೂಪ. ಹಾಗೆಯೇ ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಪೂರ್ತಿ ಹೋಗುತ್ತದೆ. ಇಲ್ಲದ ಬೋನಸ್ ಇದೆ ಅಂತ ಯಾರಾದರೂ ಹಾಕಿಸಿದರೆ ಬೇಡ ಅನ್ನಿ, ಕ್ಲೇಮ್ ದಿನ ಅದೇ ಕುತ್ತಿಗೆಗೆ ಬರುತ್ತದೆ.

3. ಅಪಘಾತ ವಿಮೆ ನಿಜವಾಗಿಯೂ ಬೇರೆ ಕಡೆ 15 ಲಕ್ಷಕ್ಕೆ ಇದೆಯಾ? ಕಾಗದ ತೆಗೆದು ನೋಡಿ. ಇದ್ದರೆ ಮಾತ್ರ ಆ ಸಾಲು ತೆಗೆಸಿ.

4. ಹತ್ತು ಹನ್ನೆರಡು ವರ್ಷದ ಕಾರಿಗೆ ಝೀರೋ ಡೆಪ್ ಸಾಮಾನ್ಯವಾಗಿ ಸಿಗುವುದೂ ಇಲ್ಲ. ಐಡಿವಿ ಒಂದು ಲಕ್ಷದ ಆಸುಪಾಸಿನಲ್ಲಿದ್ದರೆ ಬರೀ ಥರ್ಡ್ ಪಾರ್ಟಿ ಮತ್ತು ಅಪಘಾತ ವಿಮೆ ಸಾಕು ಅಂತ ನೀವು ತೀರ್ಮಾನಿಸಬಹುದು. ಒಂದು ಎಚ್ಚರ, ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಕಾರಿನಲ್ಲೇ ಕೂತ ಹೆಂಡತಿ ಮಕ್ಕಳು, ಗೆಳೆಯರ ವಿಷಯದಲ್ಲಿ ಕಂಪನಿಗಳು ತಕರಾರು ತೆಗೆಯುತ್ತವೆ. ಕಾರು ತುಂಬ ಜನ ಕೂರಿಸಿಕೊಂಡು ಧರ್ಮಸ್ಥಳ, ಶೃಂಗೇರಿ ಅಂತ ಓಡಾಡುವವರು ಇದನ್ನು ಯೋಚಿಸಿ.

5. ದಿನಾ ಮೆಟ್ರೋದಲ್ಲಿ ಹೋಗಿ ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ, ಓಡಿಸಿದಷ್ಟಕ್ಕೆ ಕಟ್ಟುವ ಆಡ್-ಆನ್‌ಗೆ 2022ರ ಜುಲೈನಲ್ಲಿ ಅನುಮತಿ ಸಿಕ್ಕಿದೆ. ಕೇಳಿ ನೋಡಿ. ಸಣ್ಣಪುಟ್ಟ ಗೀರಿಗೆ ಕ್ಲೇಮ್ ಮಾಡದವರು ವಾಲಂಟರಿ ಡಿಡಕ್ಟಿಬಲ್ ಹೆಚ್ಚಿಸಿಕೊಂಡರೂ ಪ್ರೀಮಿಯಂ ಇಳಿಯುತ್ತದೆ. ಆದರೆ ಅಷ್ಟು ದುಡ್ಡು ಆ ದಿನ ನಿಮ್ಮ ಕೈಯಲ್ಲಿ ಇರಬೇಕು.

6. ಇನ್ನೊಂದು ಚಿಲ್ಲರೆ ಕತ್ತರಿ ನೋಡಿಕೊಳ್ಳಿ. ಬೇರೆಯವರ ಆಸ್ತಿ ಹಾನಿಗೆ ಕಾರಿನ ಪಾಲಿಸಿಯಲ್ಲಿ 7.5 ಲಕ್ಷದವರೆಗೆ ಇರುತ್ತದೆ. ಅದನ್ನು 6,000ಕ್ಕೆ ಇಳಿಸಿದರೆ ನೂರು ರೂಪಾಯಿ ರಿಯಾಯಿತಿ! ಆರು ಸಾವಿರಕ್ಕೆ ಇವತ್ತು ಎದುರಿನ ಕಾರಿನ ಒಂದು ಹೆಡ್‌ಲೈಟೂ ಬರಲ್ಲ.

ಕೊನೆಗೆ ಒಂದು ಕೆಲಸ ಕೊಡ್ತೀನಿ. ಇದನ್ನು ಓದಿ ಮುಗಿಸಿ ಮುಂದಿನ ಬ್ಲಾಗಿಗೆ ಹೋಗುವ ಮುಂಚೆ ನಿಮ್ಮ ಪಾಲಿಸಿಯ ಪಿಡಿಎಫ್ ತೆರೆಯಿರಿ. ನಾಲ್ಕೇ ನಾಲ್ಕು ಸಾಲು ನೋಡಿ: ಐಡಿವಿ ಎಷ್ಟು, ಆಡ್-ಆನ್ ಯಾವುವು, ಓನರ್ ಡ್ರೈವರ್ ಸಾಲಿನ ಎದುರು ಸೊನ್ನೆ ಇದೆಯಾ, ನಾಮಿನಿ ಹೆಸರು ಸರಿ ಇದೆಯಾ. ಐದು ನಿಮಿಷ ಸಾಕು. ಆಮೇಲೆ ಊರಿಗೆ ಫೋನ್ ಮಾಡಿ ಅಪ್ಪನದ್ದೋ ಮಾವನದ್ದೋ ಪಾಲಿಸಿಯ ಫೋಟೋ ತರಿಸಿಕೊಂಡು ಅದನ್ನೂ ಓದಿ. ಇಂಗ್ಲಿಷ್ ಓದಲು ಬರುವ ನಾವು ಸದ್ಯಕ್ಕೆ ಇಷ್ಟಾದರೂ ಮಾಡಬಹುದು.

ಮುಂದಿನ ಸಲ ಯಾರಾದರೂ ಕಮ್ಮಿ ಬೆಲೆ ತೋರಿಸಿದರೆ ಒಂದೇ ಪ್ರಶ್ನೆ ಕೇಳಿ, "ಎಲ್ಲಿಂದ ಕಮ್ಮಿ ಮಾಡಿದ್ರಿ?" ಉತ್ತರ ಹೇಳಿದರೆ ವ್ಯಾಪಾರ ಮಾಡಿ. ತಡವರಿಸಿದರೆ ಎದ್ದು ಬನ್ನಿ.

ಏನಂತೀರಿ?